ಹದಿಮೂರನೇ ಕಲ್ಲು

"ಹನ್ನೊಂದು ವರ್ಷದ ಹಿಂದೆ ಕುಂಚ ಕೆಳಗಿಟ್ಟ ಕೈಗೆ ಈ ಬಣ್ಣ ಎಲ್ಲಿಂದ ಬಂತು?"

ಮಗಳು ಕೇಳಿದ್ದು ಯಾರನ್ನೂ ಅಲ್ಲ. ಉತ್ತರ ಹೇಳಬೇಕಾದವನು ಚಾಪೆಯ ಮೇಲೆ ಮಲಗಿದ್ದ. ಅವನ ಬಲಗೈ ಅವಳ ತೊಡೆಯ ಮೇಲಿತ್ತು. ಬೆಂಕಿಕಡ್ಡಿಗೆ ಒದ್ದೆ ಬಟ್ಟೆಯ ಚೂರು ಸುತ್ತಿಕೊಂಡು ಅವಳು ಅಪ್ಪನ ಉಗುರಿನ ಸಂದು ಬಿಡಿಸುತ್ತಿದ್ದಳು. ಕಡ್ಡಿಯ ತುದಿಗೆ ಬಿಳಿ ಪುಡಿ ಬಂತು, ಆಮೇಲೆ ಕಪ್ಪು, ಮತ್ತೆ ಬಿಳಿ.

ಅವಳೂ ರಸ್ತೆಯ ಕಲ್ಲುಗಳಿಗೆ ಬಣ್ಣ ಹಚ್ಚುವ ಅದೇ ಕಸುಬಿನವಳು. ಅಪ್ಪ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದ ಹತ್ತೊಂಬತ್ತು ಕಿಲೋಮೀಟರಿನ ಹೆದ್ದಾರಿಗೆ ಈಗ ಅವಳು ಮೇಸ್ತ್ರಿ. ಬಣ್ಣ ಕಂಡರೆ ಅದರ ವಯಸ್ಸು ಹೇಳಬಲ್ಲಳು. ಇದು ಹಸಿ ಬಣ್ಣವಲ್ಲ, ಚಕ್ಕೆ. ಒಂದು ಚೂರನ್ನು ಅಂಗೈಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಈರುಳ್ಳಿ ಸಿಪ್ಪೆಯ ಹಾಗೆ ಪದರದ ಮೇಲೆ ಪದರ.

ನೀರಿನ ಬೋಗುಣಿ ಹಿಡಿದು ಕೂತಿದ್ದ ರಸ್ತೆ ಗ್ಯಾಂಗಿನ ಹಿರಿಯಳು ಬಗ್ಗಿ ನೋಡಿದಳು. ಜನ್ಮವೆಲ್ಲ ಡಾಂಬರು ಕಾಯಿಸಿದ್ದಕ್ಕೆ ಅವಳಿಗೆ ಡಾಂಬರಕ್ಕ ಎಂದೇ ಹೆಸರು ಬಿದ್ದಿತ್ತು.

"ಟರ್ಪೆಂಟೈನ್ ತರಲೇನೇ?"

"ಸತ್ತವರಿಗೆ ಟರ್ಪೆಂಟೈನ್ ಹಚ್ತಾರೇನಕ್ಕಾ?"

"ನಂಗಂತೂ ಸೀಮೆಎಣ್ಣೆಲೇ ಸ್ನಾನ ಮಾಡ್ಸಿ. ಇಲ್ದಿದ್ರೆ ಹೊತ್ತವರ ಹೆಗಲಿಗೆ ಅಂಟ್ಕೊಂಡು ವಾಪಸ್ ಮನೆಗೇ ಬಂದ್ಬಿಡ್ತೀನಿ."

ಮಗಳಿಗೆ ನಗು ಬಂತು. ನಗುವಿನ ಬಾಲ ಹಿಡಿದು ಅಳುವೂ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಬಿಡೇ. ಹಾಗೇ ಹೋಗಲಿ ಆ ಕೈ."

"ಉಗುರಲ್ಲಿ ಕೊಳೆ ಇದೆಯಮ್ಮ."

"ಬಿಡು ಅಂದೆನಲ್ಲ."

ಅದು ದುಃಖದ ದನಿಯಾಗಿರಲಿಲ್ಲ. ಅಮ್ಮ ಹೆದರಿದ್ದಳು. ಮಗಳು ಕಡ್ಡಿ ಕೆಳಗಿಟ್ಟಳು. ಕಳೆದ ನಾಲ್ಕು ದಿನದಿಂದ ಅಪ್ಪ ಬೆಳಗಿನ ತಿಂಡಿ ಮುಗಿಸಿ ಸೈಕಲ್ ಹತ್ತಿ ಹೋಗುತ್ತಿದ್ದ, ಬಿಸಿಲೇರುವ ಹೊತ್ತಿಗೆ ಬರುತ್ತಿದ್ದ. ಕೇಳಿದರೆ "ಕಾಲು ಆಡಿಸ್ಕೊಂಡು ಬಂದೆ" ಅನ್ನುತ್ತಿದ್ದ. ನಿನ್ನೆ ಹಾಗೇ ಬಂದವನು ಜಗಲಿಯ ಮೇಲೆ ಕೂತು ನೀರು ಕೇಳಿದ್ದ. ನೀರು ತರುವಷ್ಟರಲ್ಲಿ ಗೋಡೆಗೆ ಒರಗಿಬಿಟ್ಟಿದ್ದ. ಆ ವಾರ ಗ್ಯಾಂಗಿನ ಕೆಲಸ ಮನೆಯ ಹತ್ತಿರದ ತುದಿಯಲ್ಲಿತ್ತು; ಅದೇ ನಾಲ್ಕು ದಿನದಿಂದ ಸಾಮಾನಿನಲ್ಲಿ ಬಣ್ಣ ಕೆರೆಯುವ ಅಲಗು ಕಾಣುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಯೋಚಿಸಿದ್ದು ಅವಳು ಈಗಲೇ.

ಅವಳು ಹೊರಗೆ ಬಂದಳು. ಅಂಗಳ ತುಂಬಿತ್ತು. ಕಬ್ಬಿಣದ ಕುರ್ಚಿಗಳ ಮೇಲೆ ಇಲಾಖೆಯವರು, ಮೆಟ್ಟಿಲ ಮೇಲೆ ಗ್ಯಾಂಗಿನವರು, ಗೋಡೆಗೆ ಆತುಕೊಂಡು ಅಕ್ಕಪಕ್ಕದ ಮನೆಯವರು. ಗೇಟಿನ ಪಕ್ಕದಲ್ಲಿ, ಯಾರ ಗುಂಪಿಗೂ ಸೇರದ ಹಾಗೆ, ಅಪ್ಪನ ಗೆಳೆಯ ಕಂಡಕ್ಟರ್ ಮಾವ ನಿಂತಿದ್ದ. ದಪ್ಪ ಚೌಕಟ್ಟಿನ ಕನ್ನಡಕ, ಇಸ್ತ್ರಿ ಮಾಡಿದ ಖಾಕಿ ಷರ್ಟು. ಬಸ್ಸಿನ ಕೆಲಸದಿಂದ ಇಳಿಸಿ ಮೂವತ್ತಮೂರು ವರ್ಷವಾದರೂ ಅವನು ಖಾಕಿ ಬಿಟ್ಟಿರಲಿಲ್ಲ.

"ಮಗು, ಜಗಲಿ ಮೇಲಿನ ಆ ಗಡಿಯಾರದಲ್ಲಿ ಎಷ್ಟು? ನಂಗೆ ಹತ್ತೂವರೆ ಅಂತ ಕಾಣುತ್ತೆ. ನೀನು ಒಂದ್ಸಲ ನೋಡಿಬಿಡು."

"ಹತ್ತೂವರೆನೇ ಮಾವ."

"ಹಾಗಾದ್ರೆ ಸರಿ."

ಅವಳು ಕಣ್ಣುಬಿಟ್ಟಾಗಿನಿಂದ ಮಾವ ಹೀಗೇ. ಅಂಕಿ ಕಂಡರೆ ಇನ್ನೊಬ್ಬರ ಕೈಲಿ ಓದಿಸದೆ ನಂಬುತ್ತಿರಲಿಲ್ಲ. ಮನೆಯ ನಂಬರು, ಔಷಧಿ ಚೀಟಿಯ ತಾರೀಖು, ಕೊನೆಗೆ ತೂಕದ ಯಂತ್ರದಲ್ಲಿ ತಾನೇ ನಿಂತಿದ್ದರೂ ಪಕ್ಕದವರನ್ನು ಕರೆದು "ಎಷ್ಟು ತೋರಿಸ್ತಿದೆ?" ಎಂದು ಕೇಳುತ್ತಿದ್ದ. ಊರಿನವರು ಅವನ ಹಿಂದೆ ನಗುತ್ತಿದ್ದರು. ಅವರು ಅವನಿಗಿಟ್ಟ ಹೆಸರು 'ಹನ್ನೆರಡು'. ಈಗಲೂ ಮೆಟ್ಟಿಲ ಹತ್ತಿರ ಯಾರೋ ಪಿಸುಗುಟ್ಟಿದರು: "ಹನ್ನೆರಡು ಬಂದಿದ್ದಾನಲ್ಲ, ದಾರಿ ತಪ್ಪದೆ ಬಂದ್ನಾ?"

ಇಂಜಿನಿಯರ್ ಸಾಹೇಬರು ಎದ್ದು ಬಂದರು. "ನಿಮ್ಮ ತಂದೆಯವರು ಒಳ್ಳೇ ಹೊತ್ತಿಗೇ ಹೋದರಮ್ಮ. ಸೋಮವಾರ ಹಳೇ ಕಿಲೋಮೀಟರ್ ಕಲ್ಲುಗಳನ್ನೆಲ್ಲ ಕೀಳಿಸ್ತಿದೀವಿ. ಹಸಿರು ಬೋರ್ಡು ಹಾಕಿಯಾಯ್ತಲ್ಲ, ಇನ್ನು ಕಲ್ಲು ಯಾಕೆ? ಅದನ್ನ ನೋಡೋದು ಅವರಿಗೆ ತಪ್ಪಿತು." ಆಮೇಲೆ ಕಂಡಕ್ಟರನ ಕಡೆ ತಿರುಗಿದರು. "ನೀವು ಅವರಿಗೆ ಹತ್ತಿರದವರಂತೆ. ಮಣ್ಣು ಮಾಡೋ ಮುಂಚೆ ಎರಡು ಮಾತಾಡಿ."

"ಆಡ್ತೀನಿ ಸಾರ್," ಅಂದ ಮಾವ. "ಏನು ಹೇಳಬೇಕು ಅಂತಲೂ ಯೋಚ್ನೆ ಮಾಡಿದೀನಿ. ಮೂವತ್ತು ವರ್ಷದಲ್ಲಿ ಅವನು ಒಂದು ಕಲ್ಲೂ ತಪ್ಪಲಿಲ್ಲ. ನಾನು ಜೀವಮಾನದಲ್ಲಿ ಒಂದೇ ಒಂದು ಕಲ್ಲು ಓದಿದೆ, ಅದನ್ನೂ ತಪ್ಪಿದೆ. ನನ್ನಂಥವನ ಪಕ್ಕದಲ್ಲಿ ಅಂಥವನು ಬಂದು ಕೂತ. ಇಷ್ಟು ಹೇಳಿದ್ರೆ ಸಾಕಲ್ವಾ?"

ಬಾಗಿಲಲ್ಲಿದ್ದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

*

ಅಕ್ಷರ ಕಲಿಯುವ ಮುಂಚೆ ಅವಳು ಕಲಿತದ್ದು ಆ ರಸ್ತೆಯನ್ನು. ಅಪ್ಪ ಸೈಕಲ್ಲಿನ ಮುಂದಿನ ಕಂಬಿಗೆ ಟವೆಲ್ಲು ಸುತ್ತಿ ಅವಳನ್ನು ಕೂರಿಸಿಕೊಳ್ಳುತ್ತಿದ್ದ. ಪೆಡಲಿನ ಲಯಕ್ಕೆ ಸರಿಯಾಗಿ ಪದ್ಯದ ಹಾಗೆ ಹೇಳಿಕೊಡುತ್ತಿದ್ದ.

"ಸೊನ್ನೆಗೆ ಸ್ಟೇಷನ್ನು, ಒಂದಕ್ಕೆ ಸೇತುವೆ,
ಎರಡಕ್ಕೆ ಇಟ್ಟಿಗೆ ಗೂಡು, ಮೂರಕ್ಕೆ ಆಸ್ಪತ್ರೆ,
ನಾಲ್ಕಕ್ಕೆ ಜೋಡಿ ಮರ, ಐದಕ್ಕೆ ಶಾಲೆ,
ಆರಕ್ಕೆ ಏರು, ಏಳಕ್ಕೆ ಇಳಿಜಾರು,
ಎಂಟಕ್ಕೆ ಮೋರಿ, ಒಂಬತ್ತಕ್ಕೆ ಮೋರಿ, ಹತ್ತಕ್ಕೆ ಮುರಿದ ಮೋರಿ..."

ಮುರಿದ ಮೋರಿ ಬಂದಾಗ ಅವಳು ಕೇಕೆ ಹಾಕಿ ನಗುತ್ತಿದ್ದಳು. ಆಗ ಅಪ್ಪ ರಸ್ತೆಯ ಕತೆ ಹೇಳುತ್ತಿದ್ದ. ಮೊದಲು ಇದು ರಸ್ತೆಯೇ ಅಲ್ಲ, ಗಾಡಿ ಜಾಡು. ಗುಡ್ಡದ ಕ್ವಾರಿಯಿಂದ ಕಲ್ಲು ಹೇರಿಕೊಂಡ ಗಾಡಿಗಳು ನದಿಯ ದಡಕ್ಕೆ ಬರುತ್ತಿದ್ದವು, ಅಲ್ಲಿಂದ ದೋಣಿಯಲ್ಲಿ ಆಚೆಗೆ. ಚಕ್ರಗಳು ಕೊರೆದ ಗೆರೆಯ ಮೇಲೆ ಜಲ್ಲಿ ಬಿತ್ತು, ಜಲ್ಲಿಯ ಮೇಲೆ ಡಾಂಬರು ಬಿತ್ತು. ಅಪ್ಪ ಕೆಲಸಕ್ಕೆ ಸೇರಿದಾಗ ರಸ್ತೆ ನದಿಯ ದಡದಿಂದಲೇ ಶುರುವಾಗುತ್ತಿತ್ತು. ಆಮೇಲೆ ಸೇತುವೆಯಾಯಿತು. ರಸ್ತೆ ನದಿ ದಾಟಿ ರೈಲು ಸ್ಟೇಷನ್ನಿನ ತನಕ ಒಂದು ಕಿಲೋಮೀಟರು ಉದ್ದವಾಯಿತು. ಅದಕ್ಕೆ ರಾಜ್ಯ ಹೆದ್ದಾರಿ ಎಂಬ ಪದವಿಯೂ ಒಂದು ನಂಬರೂ ಸಿಕ್ಕವು.

"ನಮ್ಮ ರಸ್ತೆಗೆ ಬಡ್ತಿ ಸಿಕ್ತು, ನಂಗೆ ಸಿಗಲಿಲ್ಲ," ಎಂದು ಅಪ್ಪ ನಗುತ್ತಿದ್ದ.

"ಹನ್ನೊಂದಕ್ಕೆ ಗಿರಣಿ, ಹನ್ನೆರಡಕ್ಕೆ ಕ್ವಾರಿ ದಾರಿ..." ಅಲ್ಲಿಗೆ ಅವನ ದನಿ ಸಣ್ಣಗಾಗುತ್ತಿತ್ತು. ಮುಂದಿನದು ನೇರವಾಗಿ "ಹದಿನಾಲ್ಕಕ್ಕೆ ಮಸಣ".

"ಹದಿಮೂರಕ್ಕೆ ಏನಪ್ಪಾ?"

"ಹದಿಮೂರಕ್ಕೆ ಏನಿಲ್ಲ ಮಗಳೇ. ಬರೀ ಕಲ್ಲು."

ಪ್ರತಿ ವರ್ಷ ಮಳೆಗೆ ಮುಂಚೆ ಕಲ್ಲುಗಳಿಗೆ ಬಣ್ಣ. ಬೇರೆ ಕಲ್ಲುಗಳಿಗೆ ಗ್ಯಾಂಗಿನವರು ಬಿಳಿ ಬಳಿದರೆ ಅಪ್ಪ ಅಂಕಿ ಬರೆಯುತ್ತಿದ್ದ. ಹದಿಮೂರಕ್ಕೆ ಮಾತ್ರ ಬಿಳಿಯನ್ನೂ ತಾನೇ ಬಳಿಯುತ್ತಿದ್ದ. ನಿವೃತ್ತನಾದ ದಿನ ಕುಂಚವನ್ನು ತೊಳೆದು, ಕೂದಲು ನೀವಿ ಒಣಗಿಸಿ ಅವಳ ಕೈಗೆ ಕೊಟ್ಟು ಒಂದೇ ಮಾತು ಹೇಳಿದ್ದ. "ಹದಿಮೂರಕ್ಕೆ ಎರಡು ಕೋಟು ಹಾಕು. ಆ ಕಲ್ಲು ಬಣ್ಣ ಜಾಸ್ತಿ ಕುಡಿಯುತ್ತೆ."

ಅವಳು ಹಾಗೇ ಮಾಡಿಕೊಂಡು ಬಂದಿದ್ದಳು. ಯಾವ ಕಲ್ಲಾದರೂ ಬೇರೆಯದಕ್ಕಿಂತ ಜಾಸ್ತಿ ಯಾಕೆ ಕುಡಿಯುತ್ತದೆ ಎಂದು ಕೇಳಿರಲಿಲ್ಲ.

*

ಶವದ ವ್ಯಾನು ಸೇತುವೆಯ ಪಕ್ಕದ ಮನೆಯಿಂದ ಹೊರಟಿತು. ಒಳಗೆ ಅಪ್ಪ, ಒಂದು ಬದಿಗೆ ಅಮ್ಮ, ಇನ್ನೊಂದು ಬದಿಗೆ ಮಗಳು. ಉಳಿದವರೆಲ್ಲ ಹಿಂದಿನ ಬಸ್ಸಿನಲ್ಲಿ. ಮಗಳು ಕಿಟಕಿಯಾಚೆ ನೋಡುತ್ತ ತುಟಿ ಅಲುಗಿಸದೆ ಹೇಳಿಕೊಳ್ಳುತ್ತಿದ್ದಳು. ಇಟ್ಟಿಗೆ ಗೂಡು. ಆಸ್ಪತ್ರೆ. ಜೋಡಿ ಮರದಲ್ಲಿ ಈಗ ಒಂದೇ ಉಳಿದಿತ್ತು. ಪ್ರತಿ ಕಲ್ಲಿನ ಪಕ್ಕದಲ್ಲಿ ಹೊಸ ಹಸಿರು ಬೋರ್ಡು ಉದ್ದ ಕಾಲಿನ ಮೇಲೆ ನಿಂತಿತ್ತು, ಅದರ ಬುಡದಲ್ಲಿ ಕಲ್ಲು ಮುದುಕನ ಹಾಗೆ ಕೂತಿತ್ತು.

ಗಿರಣಿ ದಾಟಿದ್ದೇ ಅಮ್ಮ ಮುಂದಕ್ಕೆ ಬಾಗಿ ಡ್ರೈವರನ ಸೀಟಿಗೆ ಕೈ ಹಾಕಿದಳು.

"ಸ್ವಲ್ಪ ಬೇಗ ಹೋಗಪ್ಪ. ಎಲ್ಲೂ ನಿಲ್ಲಿಸಬೇಡ."

"ಶೆಡ್ ಹತ್ರ ನಿಲ್ಲಿಸಿ ಅಂತ ಗ್ಯಾಂಗಿನವರು ಹೇಳಿದಾರಮ್ಮ. ಕೆಂಪು ಬಾವುಟ ಹಿಡ್ಕೊಂಡು ನಿಂತವ್ರೆ. ಆ ಬಾವುಟ ದಾಟಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ."

ಈಚೆಗೆ ಕಟ್ಟಿದ ಗ್ಯಾಂಗಿನ ಶೆಡ್ಡು ಇದ್ದದ್ದು ಹದಿಮೂರರಲ್ಲಿ. ಕೆಲಸದ ಮೇಲಿದ್ದವರು ಎರಡೂ ಕಡೆ ವಾಹನ ತಡೆದು, ಬಾವುಟಗಳನ್ನು ಎದೆಗೆ ಅಡ್ಡ ಹಿಡಿದು ಸಾಲಾಗಿ ನಿಂತಿದ್ದರು. ತಮ್ಮ ಮೇಸ್ತ್ರಿಗೆ ಅವರು ಮಾಡಬಹುದಾದ ಮರ್ಯಾದೆ ಅಷ್ಟೇ. ದಿನಾ ಯಾರ್ಯಾರಿಗೋ ದಾರಿ ಬಿಡಿಸುವವರು ಇವತ್ತು ಅವನೊಬ್ಬನಿಗೆ ಬಿಡಿಸಿದ್ದರು. ಹಿಂದಿನ ಬಸ್ಸನ್ನು ಕ್ವಾರಿ ದಾರಿಯ ಹತ್ತಿರವೇ ನಿಲ್ಲಿಸಿದ್ದರು. ಜನ ಇಳಿದು ನಡೆದು ಬರುತ್ತಿದ್ದರು.

ಮಗಳು ಕೆಳಗಿಳಿದಳು. ಕಲ್ಲು ಕಾಣಿಸಿತು.

ಹಸಿರು ಬೋರ್ಡಿನಲ್ಲಿ ಹದಿಮೂರು ಎಂದಿತ್ತು. ಅದರ ಕೆಳಗೆ ಕಲ್ಲಿನ ಮುಖದಲ್ಲಿ 'ಒಂದು' ಹಾಗೇ ಇತ್ತು. 'ಮೂರು' ಇರಬೇಕಾದ ಕಡೆ ಅಂಗೈಯಗಲ ಬಣ್ಣವನ್ನು ಯಾರೋ ಕೆರೆದು ತೆಗೆದಿದ್ದರು. ಒರಟಾಗಿ ಅಲ್ಲ, ಹುಣ್ಣಿನ ಪಟ್ಟಿ ಬಿಚ್ಚಿದಷ್ಟು ನಿಧಾನವಾಗಿ. ಕೆರೆದ ಜಾಗದ ಅಂಚಿಗೆ ಬಿಳಿ, ಕಪ್ಪು, ಬಿಳಿ, ಕಪ್ಪು ಎಂದು ಉಂಗುರಗಳು, ಕಡಿದ ಮರದ ಬುಡದಲ್ಲಿ ಇರುವಂತೆ. ಎಲ್ಲಕ್ಕಿಂತ ತಳದಲ್ಲಿ, ಹಳದಿಯಾದ ಬಿಳಿಯ ಮೇಲೆ, ಅಪ್ಪನದೇ ಕೈಬರಹದ ಉದ್ದ ಬಾಲದ ಎರಡು.

ಹನ್ನೆರಡು.

ಕಲ್ಲಿನ ಹಿಂದೆ ಹುಲ್ಲಿನಲ್ಲಿ ಅವಳ ಅಲಗು ಬಿದ್ದಿತ್ತು.

"ಅಮ್ಮಾ," ಅಂದಳು.

ಅಮ್ಮ ಅವಳ ಮೊಣಕೈ ಹಿಡಿದುಕೊಂಡಳು. "ಮೊದಲು ಬಣ್ಣ ಹಚ್ಚು. ಶೆಡ್ಡಲ್ಲಿ ಇದೆಯಲ್ಲ. ಕಂಡಕ್ಟರ್ ಅಣ್ಣ ಬರೋದ್ರೊಳಗೆ ಒಂದು ಕೈ ಎಳೆದುಬಿಡು, ಆಮೇಲೆ ಹೇಳ್ತೀನಿ."

"ಈಗ ಹೇಳು."

ಅಮ್ಮ ಹೇಳಿದಳು. ಶೆಡ್ಡಿನ ಬಾಗಿಲಲ್ಲಿ ನಿಂತು, ಬಣ್ಣದ ಡಬ್ಬಿಗಳ ಮುಂದೆ, ಒಂದೇ ಉಸಿರಿನಲ್ಲಿ.

*

ರಸ್ತೆ ಸ್ಟೇಷನ್ನಿನ ತನಕ ಉದ್ದವಾದ ವರ್ಷ. ಸೊನ್ನೆಯೇ ಜಾಗ ಬದಲಿಸಿದ ಮೇಲೆ ಎಲ್ಲ ಕಲ್ಲುಗಳಿಗೂ ಒಂದೊಂದು ಅಂಕಿ ಹೆಚ್ಚಬೇಕಾಯಿತು. ಗ್ಯಾಂಗಿನಲ್ಲಿ ಬರೆಯಲು ಬರುತ್ತಿದ್ದವನು ಮೇಸ್ತ್ರಿ ಒಬ್ಬನೇ. ಒಂದು ದಿನ ಸ್ಟೇಷನ್ನಿನ ಕಡೆಯಿಂದ ಬರೆದುಕೊಂಡು ಬಂದ. ಹನ್ನೊಂದು ಇದ್ದದ್ದನ್ನು ಹನ್ನೆರಡು ಮಾಡಿ ನಿಲ್ಲಿಸಿದ. ಮರುದಿನ ರಸ್ತೆಯ ಇನ್ನೊಂದು ತುದಿಯಿಂದ ಬಂದ. ಹದಿಮೂರು ಇದ್ದದ್ದನ್ನು ಹದಿನಾಲ್ಕು ಮಾಡಿದ. ನಡುವೆ ಉಳಿದದ್ದು ಒಂದೇ ಕಲ್ಲು, ಹಳೆಯ ಹನ್ನೆರಡು. ಅದನ್ನು ಹದಿಮೂರು ಮಾಡಿಬಿಟ್ಟರೆ ಮುಗಿಯಿತು.

ಆಗ ಸುದ್ದಿ ಬಂತು. ಹನ್ನೊಂದು ವರ್ಷ ಕಾದು ಬಸುರಾದ ಹೆಂಡತಿಗೆ ನೋವು ಶುರುವಾಗಿದೆ. ಅವನು ಕುಂಚವನ್ನು ಡಬ್ಬಿಯಲ್ಲೇ ಬಿಟ್ಟು ಸೈಕಲ್ ಹತ್ತಿದ.

ಹೆರಿಗೆ ಕಷ್ಟವಾಯಿತು. ಮೂರು ದಿನ ಅವನು ಆಸ್ಪತ್ರೆಯ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಮೂರು ದಿನ ರಸ್ತೆಯಲ್ಲಿ ಎರಡು ಹನ್ನೆರಡುಗಳಿದ್ದವು, ಹದಿಮೂರು ಇರಲಿಲ್ಲ.

ಮೂರನೆಯ ಸಂಜೆ ಬಸ್ಸು ಜಾರಿ ಮರಕ್ಕೆ ಬಡಿಯಿತು. ಡ್ರೈವರ್ ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡ. ಕಂಡಕ್ಟರ್ ಆ ಮಾರ್ಗಕ್ಕೆ ಬಂದು ಎಂಟೇ ದಿನವಾಗಿತ್ತು. ಜಾಗದ ಹೆಸರು ಗೊತ್ತಿಲ್ಲ, ಸುತ್ತ ಒಂದು ಮನೆಯಿಲ್ಲ. ಪಕ್ಕದ ಕಲ್ಲು ನೋಡಿಕೊಂಡು, ಮುಂದೆ ಯಾವ ಕಲ್ಲನ್ನೂ ನೋಡದೆ, ಗಿರಣಿಯ ಫೋನಿನ ತನಕ ಓಡಿದ. "ಹನ್ನೆರಡನೇ ಕಲ್ಲು, ಬೇಗ ಬನ್ನಿ" ಎನ್ನುವಷ್ಟರಲ್ಲಿ ಲೈನು ಹೋಯಿತು. ಅವನು ಡ್ರೈವರನ ಹತ್ತಿರಕ್ಕೆ ವಾಪಸು ಓಡಿದ. ಆಂಬುಲೆನ್ಸ್ ಬಂತು, ಮೊದಲು ಸಿಕ್ಕ ಹನ್ನೆರಡರ ಹತ್ತಿರ ನಿಂತಿತು. ಅಲ್ಲಿ ಬಸ್ಸಿಲ್ಲ, ಪಕ್ಕದಲ್ಲಿ ಕ್ವಾರಿ ದಾರಿ. ಕ್ವಾರಿಯ ಕಡೆಯೇ ಇರಬೇಕೆಂದು ಒಳಗೆ ಹೋಯಿತು. ಮುಕ್ಕಾಲು ಗಂಟೆ ಗುಡ್ಡದಲ್ಲಿ ಹುಡುಕಿತು.

ಡ್ರೈವರ್ ಉಳಿಯಲಿಲ್ಲ. ವಾಪಸು ಬಂದ ಆಂಬುಲೆನ್ಸಿನವರು ಆಸ್ಪತ್ರೆಯ ಅಂಗಳದಲ್ಲಿ ಬೈದುಕೊಳ್ಳುತ್ತಿದ್ದರು. "ಹನ್ನೆರಡು ಅಂದ್ನಲ್ಲ ಆ ಕಂಡಕ್ಟರ್! ಹನ್ನೆರಡರಲ್ಲಿ ಏನಿತ್ತು?" ಬೆಂಚಿನ ಮೇಲೆ ಕೂತ ಮೇಸ್ತ್ರಿಗೆ ಆಗಲೇ ಗೊತ್ತಾಯಿತು. ಒಳಗೆ ಮಗು ಅಳುವುದೂ ಅದೇ ಹೊತ್ತಿಗೆ ಕೇಳಿಸಿತು.

ಬೆಳಕು ಹರಿಯುವ ಮುಂಚೆ ಹೋಗಿ ಎರಡನ್ನು ಮೂರು ಮಾಡಿ ಬಂದ. ವಿಚಾರಣೆಯವರು ಕಂಡಕ್ಟರನನ್ನು ಕರೆತಂದು ಆ ಕಲ್ಲಿನ ಮುಂದೆಯೇ ನಿಲ್ಲಿಸಿ "ಓದು" ಅಂದರು. ಅವನು ಹದಿಮೂರು ಎಂದು ಓದಿದ. ಆಮೇಲೆ ಅವನು ಏನು ಹೇಳಿದರೂ ಕೇಳುವವರಿರಲಿಲ್ಲ. ಬಸ್ಸಿನಿಂದ ಇಳಿಸಿ ಡಿಪೋದ ಟೈರು ಗೋದಾಮಿಗೆ ಹಾಕಿದರು. ಡ್ರೈವರನ ಹೆಂಡತಿ ಅವನ ಬಾಗಿಲಿಗೆ ಬಂದು ಮಣ್ಣು ತೂರಿದಳು.

ತಿಂಗಳಾದ ಮೇಲೆ ಮೇಸ್ತ್ರಿ ಕೆಲಸಕ್ಕೆ ಹೋಗುವಾಗ ಒಬ್ಬ ಆ ಕಲ್ಲನ್ನೇ ನೋಡುತ್ತ ನಿಂತಿದ್ದ. ಮರುದಿನವೂ ನಿಂತಿದ್ದ. ಮೂರನೆಯ ದಿನ ಮೇಸ್ತ್ರಿ ಸೈಕಲ್ ಇಳಿದು, ತನ್ನ ಚಹಾದ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದು ಕೊಟ್ಟ. ಗೆಳೆತನ ಶುರುವಾದದ್ದು ಹಾಗೆ.

"ಹೇಳೋಣ ಅಂತಲೇ ಹೋಗಿದ್ದು ಅವತ್ತು," ಅಂದಳು ಅಮ್ಮ. "ದಿನಾ ಹೇಳೋಣ ಅಂತಲೇ ಹೋಗ್ತಿದ್ರು. ನಾನೇ ಬೇಡ ಅಂದೆ ಮೊದಮೊದಲು. ಕಂಕುಳಲ್ಲಿ ನೀನಿದ್ದೆ."

*

ಅಲಗಿನಿಂದಲೇ ಡಬ್ಬಿಯ ಮುಚ್ಚಳ ಎಬ್ಬಿಸಿ, ಮಗಳು ಕುಂಚ ಅದ್ದಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಮ್ಮ ಹಿಂದೆ ಸೆರಗು ಹರವಿ ಮರೆಯಾಗಿ ನಿಂತಳು. ಕುಂಚದಿಂದ ಬಿಳಿ ತೊಟ್ಟಿಕ್ಕಿತು.

ಉಂಗುರಗಳು ಕಣ್ಣಿಗೆ ಹತ್ತಿರವಿದ್ದವು. ನಡುವೆ ನೀಲಿ ಮಿಂಚಿದ್ದು, ಬಿಳಿಗೆ ನೀಲಿ ಜಾಸ್ತಿ ಬಿದ್ದು ಅಪ್ಪ ಬೈಸಿಕೊಂಡ ವರ್ಷದ್ದು. ಅದರಾಚೆ ಬೂದು ಪದರ, ಕಡಿಮೆ ದರ್ಜೆಯ ಬಣ್ಣ ಬಂದಿದ್ದಾಗಿನದು. ಹೊರಗಿನ ಉಂಗುರಗಳು ದಪ್ಪ ದಪ್ಪ, ಎರಡೆರಡು ಕೋಟು. ಅವು ಅವಳವು.

"ಯಾಕಮ್ಮಾ ಹೀಗೆ ಅಡ್ಡ ನಿಂತಿದೀಯ? ಏನು ಮಾಡ್ತಿದಾಳೆ ಮಗು?"

ಮಾವನ ದನಿ. ಅಮ್ಮನ ಸೆರಗು ಕೈಯಿಂದ ಜಾರಿತು.

ಅವನು ಬಂದು ಕಲ್ಲಿನ ಮುಂದೆ ನಿಂತ. ಬಹಳ ಹೊತ್ತು ನೋಡಿದ. 'ಇದು ಎಷ್ಟು, ನೋಡು ಮಗು' ಎನ್ನುತ್ತಾನೆಂದು ಅವಳು ಕಾದಳು. ಅವನು ಕೇಳಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಬರಿಗಣ್ಣಲ್ಲಿ ಮತ್ತೆ ನೋಡಿದ.

"ಹನ್ನೆರಡು," ಅಂದ.

ಬಾವುಟ ಹಿಡಿದವರಲ್ಲಿ ಒಬ್ಬ ಕೆಮ್ಮಿದ.

"ಯಾವಾಗಿನದು ಇದು?"

"ನಾನು ಹುಟ್ಟಿದ ವಾರದ್ದು ಮಾವ."

ಅವನು ಮೆಲ್ಲಗೆ ಕೆಳಗೆ ಕೂತ. ಎರಡನ್ನು ಬೆರಳಿಂದ ಮುಟ್ಟಿದ, ಅದರ ಬಾಲದ ತನಕ ಎಳೆದ.

"ಮೂರು ಸಲ ಕಣ್ಣು ತೋರಿಸ್ಕೊಂಡೆ. ಏನೂ ಇಲ್ಲ ಅಂದ್ರು ಡಾಕ್ಟ್ರು. ಇರಲಿ ಅಂತ ನಾನೇ ಬರೀ ಗಾಜು ಹಾಕಿಸ್ಕೊಂಡೆ." ವ್ಯಾನಿನ ಕಡೆ ಕತ್ತು ತಿರುಗಿಸಿದ. "ಮೂರನೇ ಸಲ ಇವನೇ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿದ್ದ. ಹೊರಗೆ ಬೆಂಚಿನ ಮೇಲೆ ಕಾಯ್ತಾ ಕೂತಿದ್ದ. ಬರೋವಾಗ ಇಡೀ ದಾರಿ ಒಂದು ಮಾತೂ ಆಡಲಿಲ್ಲ. ನನ್ನ ಸಂಕಟ ನೋಡೋಕಾಗ್ತಿಲ್ಲ ಇವನಿಗೆ, ಎಂಥಾ ಮನುಷ್ಯ ಅಂದ್ಕೊಂಡೆ."

ಅಮ್ಮ ಕೈ ಮುಗಿದಳು. "ಅಣ್ಣಾ..."

"ನಿಲ್ಲಮ್ಮ, ನೀನು ಮಾತಾಡಬೇಡ."

ಬಸ್ಸಿನ ಜನ ತಿರುವಿನಲ್ಲಿ ಕಾಣಿಸಿಕೊಂಡರು. ಮುಂದೆ ಇಂಜಿನಿಯರ್ ಸಾಹೇಬರು, ಪಕ್ಕದಲ್ಲಿ ಡಾಂಬರಕ್ಕ, ಹಿಂದೆ ಊರಿಗೂರೇ. ಮಾವ ಅವರನ್ನು ನೋಡಿದ, ಕುಂಚವನ್ನು ನೋಡಿದ.

"ಹಚ್ಚಿಬಿಡು ಮಗು."

ಅವಳು ತಲೆಯೆತ್ತಿದಳು.

"ಅವರು ಬರೋದ್ರೊಳಗೆ ಹಚ್ಚಿಬಿಡು. ಹೇಗೂ ಸೋಮವಾರ ಕೀಳ್ತಾರೆ. ಈ ವಯಸ್ಸಲ್ಲಿ ಇದನ್ನ ಇಟ್ಕೊಂಡು ನಾನೇನು ಮಾಡಲಿ? ಹನ್ನೆರಡು ಅಂತ ಕರೆಸ್ಕೊಂಡೇ ಅಭ್ಯಾಸ ಆಗಿದೆ, ಕರೀಲಿ ಬಿಡು. ಆದ್ರೆ ಅವನ ಜೊತೆ ಇಲ್ಲಿ ಕೂತ ಅಷ್ಟೊಂದು ಸಂಜೆ ಇದ್ದಾವಲ್ಲ, ಅವನ್ನ ನಾನು ಎಲ್ಲಿಗೆ ತಗೊಂಡು ಹೋಗಲಿ? ನಂಗೆ ಬೇರೆ ಯಾರಿದ್ರು? ಹಚ್ಚು ಮಗು. ನಿಂಗೆ ಕೈ ಮುಗೀತೀನಿ."

ಕುಂಚದ ಬಿಳಿ ಅವಳ ಮಣಿಕಟ್ಟಿನ ತನಕ ಇಳಿದಿತ್ತು. ಅವಳು ಅದನ್ನು ಡಬ್ಬಿಯೊಳಗಿಟ್ಟಳು. ಮುಚ್ಚಳ ಕೂರಿಸಿ, ಅಲಗಿನ ಹಿಡಿಯಿಂದ ಸುತ್ತಲೂ ಬಡಿದು ಬಿಗಿ ಮಾಡಿದಳು. ಆಮೇಲೆ ಎದ್ದು, ಕಲ್ಲಿಗೆ ಮರೆಯಾಗದಂತೆ ಪಕ್ಕಕ್ಕೆ ಸರಿದು ನಿಂತಳು.

"ಹನ್ನೊಂದು ವರ್ಷ ಹಚ್ಚಿದೀನಿ ಮಾವ. ಇನ್ನು ಹಚ್ಚಲ್ಲ."